ಮಾತು ಬಿಟ್ಟವರಿಗೆ ಮೊದಲ ಕಾಯಿ

ಆಗ ತಾನೇ ಕಿತ್ತ ತೆಂಗಿನಕಾಯಿಯ ತೊಟ್ಟಿನಲ್ಲಿ ಒಂದು ವಾಸನೆ ಇರುತ್ತದೆ. ಹಸಿಯಾಗಿ, ಒಗರಾಗಿ. ಪೇಟೆಯ ಕಾಯಿಗೆ ಅದಿರುವುದಿಲ್ಲ, ಅಷ್ಟು ಹೊತ್ತಿಗೆ ಹಾರಿಹೋಗಿರುತ್ತದೆ. ಮೊನ್ನೆ ಬೆಳಿಗ್ಗೆ ನನ್ನ ಸೊಸೆ ಹಿತ್ತಿಲ ಗಿಡದ ಮೊದಲ ಕಾಯಿ ಕಿತ್ತು ತಂದು ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಇಟ್ಟಳು. ಮೊದಲ ಗೊನೆ. ಹರಳು, ಅಂದರೆ ಎಳೆ ಪಿಂದೆ, ಎಲ್ಲ ಉದುರಿಹೋಗಿ ಒಂದೇ ಒಂದು ಕಾಯಿ ನಿಂತಿತ್ತು. ಆ ವಾಸನೆ ಮೂಗಿಗೆ ಹತ್ತಿದ್ದೇ ತಡ, ನನ್ನ ಕಣ್ಣು ತಾನಾಗಿ ರಸ್ತೆಯ ಆಚೆಗೆ ಹೋಯಿತು. ಎದುರು ಅಂಗಡಿಯ ಬಾಗಿಲು ಮುಚ್ಚಿತ್ತು. ಈಗ ಅದು ಯಾವಾಗಲೂ ಮುಚ್ಚಿಯೇ ಇರುತ್ತದೆ.

"ಯಾರಿಗ್ ಕೊಡ್ತೀರಿ ಅತ್ತೆ?" ಅಂದಳು ಸೊಸೆ.

ಯಾವ ದೇವರಿಗೆ ಅಂತ ಕೇಳಲಿಲ್ಲ ನೋಡಿ. ಯಾರಿಗೆ ಅಂತ ಕೇಳಿದಳು. ನಮ್ಮ ಕಡೆ ಈಗ ಎಲ್ಲರೂ ಹಾಗೆಯೇ ಕೇಳುವುದು. ಹೊಸ ಮರದ ಮೊದಲ ಕಾಯಿಯನ್ನು ಮಾತು ಬಿಟ್ಟವರ ಮನೆಗೆ ಕೊಡಬೇಕಂತೆ, ಕೊಡದಿದ್ದರೆ ಮರ ಮುನಿಸಿಕೊಂಡು ಗೊಡ್ಡಾಗುತ್ತದಂತೆ. ತಿಪಟೂರಿನಿಂದ ತುರುವೇಕೆರೆಯವರೆಗೆ ಜನ ಇದನ್ನು ತಾತನ ಕಾಲದ ಪದ್ಧತಿ ಅನ್ನುತ್ತಾರೆ. ಶುದ್ಧ ಸುಳ್ಳು. ಈ ಪದ್ಧತಿ ಹುಟ್ಟಿದಾಗ ನಾನು ಅಲ್ಲೇ ನಿಂತಿದ್ದೆ, ಬೆಲ್ಲ ಕೊಳ್ಳುವುದಕ್ಕೆ. ಹುಟ್ಟಿಸಿದವರು ನಮ್ಮ ಎದುರು ಅಂಗಡಿಯವರು. ಈಗ ಅವರಿಲ್ಲ. ಇದ್ದಿದ್ದರೆ ಈ ಕಾಯಿಯ ತಾಪತ್ರಯವೇ ಇರುತ್ತಿರಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಬಂದರೆ ಈಗಲೂ ತಡವರಿಸುತ್ತೇನೆ. ಆದರೆ ಆ ಮನುಷ್ಯರ ಬಗ್ಗೆ ಪೇಟೆಯ ಹುಡುಗರು ಏನೇನೋ ಬರೆಯುತ್ತಾರೆ, ಮಹಾತ್ಮರು ಅಂತಲೂ ಬರೆದಿದ್ದಾರೆ. ಪಕ್ಕದಲ್ಲಿ ಬದುಕಿ ತೊಂದರೆ ಅನುಭವಿಸಿದವಳು ನಾನು. ನಾನೂ ನಾಲ್ಕು ಮಾತು ಬರೆಯಬೇಕು.

ಅಂಥ ದೊಡ್ಡ ಮನುಷ್ಯರೇನಲ್ಲ ಅವರು. ಬೆಲ್ಲ, ಬೇಳೆ, ಸೋಪು, ಬೀಡಿ ಮಾರುವ ಅಂಗಡಿ. ಹಣೆಗೆ ವಿಭೂತಿ, ಹೆಗಲಿಗೆ ಟವಲು. ಮುಖದಲ್ಲಿ ನಗು ಅನ್ನುವುದು ಹುಡುಕಿದರೂ ಸಿಗದು. ಅದೇ ಅವರ ಬಂಡವಾಳ. ನಗುತ್ತ ಹೇಳಿದ ಸುಳ್ಳನ್ನು ಯಾರು ನಂಬುತ್ತಾರೆ?

ಅಂಗಡಿಯ ಕಂಬಕ್ಕೆ ಮೊಳೆ ಹೊಡೆದು ಒಂದು ಕರಿ ಹಲಗೆ ನೇತುಹಾಕಿದ್ದರು. ಸೀಮೆಎಣ್ಣೆ ಬಂದ ದಿನ 'ಸೀಮೆಎಣ್ಣೆ ಬಂದಿದೆ' ಎಂದು ಬರೆಯುವುದಕ್ಕೆ. ಆಮೇಲೆ ಸೀಮೆಎಣ್ಣೆ ಬರುವುದೇ ನಿಂತುಹೋಯಿತು. ಹಲಗೆ ಸುಮ್ಮನೆ ನೇತಾಡುತ್ತಿತ್ತು. ಹಲಗೆ ಖಾಲಿ ಇದ್ದರೆ ಗಿರಾಕಿ ಅಂಗಡಿಯೂ ಖಾಲಿ ಅಂದುಕೊಳ್ಳುತ್ತಾನೆ ಅಂತ ಒಂದು ಬೆಳಿಗ್ಗೆ ಏನೋ ಬರೆದರು. ನಾನು ನೀರಿಗೆ ಹೋಗುತ್ತಿದ್ದವಳು ಬಿಂದಿಗೆ ಇಳಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. 'ತಿಳಿದಿದ್ದರೆ ನಷ್ಟವಿಲ್ಲ. ಹುಳಿಯಾರಿನ ಕುರಿಗಳು ಸಂತೆಯ ಹಿಂದಿನ ದಿನವೇ ಕುಂಟಲು ಶುರುಮಾಡುತ್ತವೆ.'

"ಇದ್ ನಿಜವೇನಪ್ಪಾ?" ಅಂದೆ.

"ಕುರಿ ಕೇಳ್ಬೇಕು ಅಕ್ಕಯ್ಯ. ನಂಗೆ ಹೇಳಿದ್ದು ಒಂದು ಟಗರು," ಅಂದರು. ಮುಖ ಮಾತ್ರ ಅಲ್ಲಾಡಲಿಲ್ಲ.

ಅಲ್ಲಿಂದ ದಿನಕ್ಕೊಂದು ಸುಳ್ಳು. ತೆಂಗಿನಕಾಯಿಗೆ ಕಣ್ಣಿರುವುದು ಬೀಳುವ ಮುಂಚೆ ಕೆಳಗೆ ಯಾರಿದ್ದಾರೆ ಅಂತ ನೋಡುವುದಕ್ಕೆ, ಆದರೆ ಕಣ್ಣು ತೊಟ್ಟಿನ ಕಡೆ ಇರುವುದರಿಂದ ಅದಕ್ಕೆ ಆಕಾಶ ಮಾತ್ರ ಕಾಣುತ್ತದೆ. ತುರುವೇಕೆರೆಗೆ ಹೋಗುವ ದಾರಿಗಿಂತ ಬರುವ ದಾರಿ ಒಂದು ಮೈಲಿ ಉದ್ದ, ತವರಿನಿಂದ ಬರುವ ಸೊಸೆಯರಿಗೆ ಎರಡು ಮೈಲಿ. ಅಳಿಲು ತಾನು ಕೊರೆದ ಕಾಯಿಯನ್ನು ಆಮೇಲೆ ಎಲ್ಲಾದರೂ ಕಂಡರೆ ಮುಖ ತಿರುಗಿಸಿಕೊಳ್ಳುತ್ತದೆ. ಹೀಗೆ. ಬಸ್ಸಿಗೆ ಕಾಯುವವರು ಓದಿ ನಗುವರು. ನನಗೆ ನಗು ಬರುತ್ತಿರಲಿಲ್ಲ. ಆದರೂ ದಿನಾ ಓದುತ್ತಿದ್ದೆ. ಸುಳ್ಳನ್ನು ಸುಳ್ಳು ಅನ್ನಬೇಕಾದರೂ ಮೊದಲು ಓದಬೇಕಲ್ಲ.

ಆಮೇಲೆ ನನ್ನ ಮನೆಗೇ ಕೈ ಹಾಕಿದರು.

ನಮ್ಮಲ್ಲಿ ಕೊಬ್ಬರಿ ಮಾಡುವುದು ಹೇಗೆ ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಅವಸರ ಮಾಡಿದರೆ ಕೆಡುತ್ತದೆ. ಇಷ್ಟೇ. ಇವರು ಹಲಗೆಯ ಮೇಲೆ ಬರೆದರು: 'ಅಟ್ಟದ ಕಾಯಿ ಒಣಗುವುದು ಬಿಸಿಲಿಗಲ್ಲ, ಕೆಳಗಿನವರ ಮಾತಿಗೆ. ಜಗಳವಿರುವ ಮನೆಯ ಕಾಯಿ ಬೇಗ ಒಣಗುತ್ತದೆ. ನಮ್ಮ ಎದುರು ಮನೆಯದು ಅರ್ಧ ವರ್ಷಕ್ಕೇ ಕೊಬ್ಬರಿ.'

ಎದುರು ಮನೆ ಅಂದರೆ ನನ್ನದು. ನಾನು ನೇರ ಮಾತಿನವಳು ನಿಜ. ಕಾಲುವೆ ನೀರು ತಿರುಗಿಸಿಕೊಂಡವನಿಗೆ ಕಳ್ಳ ಅಂದಿದ್ದೇನೆ, ಹಾಲಿಗೆ ನೀರು ಬೆರೆಸಿದವಳಿಗೆ ನೀರಿನವಳು ಅಂದಿದ್ದೇನೆ. ಅದರಿಂದ ಊರಲ್ಲಿ ಅರ್ಧ ಜನ ನನ್ನ ಜೊತೆ ಮಾತು ಬಿಟ್ಟಿದ್ದರು. ಬಿಟ್ಟರೆ ಬಿಡಲಿ. ಅದನ್ನು ರಸ್ತೆಯಲ್ಲಿ ಹಲಗೆಗೆ ಹಾಕಬೇಕಾಗಿತ್ತೇ? ಹೋಗಿ ಬೈದೆ. ಅವರು ಪೂರ್ತಿ ಕೇಳಿಸಿಕೊಂಡು, "ಇನ್ನೊಂದು ವಾರ ಹಿಂಗೇ ಬಯ್ರಿ ಅಕ್ಕಯ್ಯ, ನಮ್ಮ ಅಟ್ಟದಾಗೂ ಒಂದಿಷ್ಟು ಕಾಯಿ ಹಸೀಗವೆ," ಅಂದರು.

ಮಾತು ಬಿಟ್ಟವರಲ್ಲಿ ಒಬ್ಬಳ ವಿಷಯದಲ್ಲಿ ಮಾತ್ರ 'ಬಿಟ್ಟರೆ ಬಿಡಲಿ' ಅನ್ನುವುದು ನನ್ನಿಂದ ಆಗುತ್ತಿರಲಿಲ್ಲ. ಹಾಲ್ಕುರಿಕೆಗೆ ಕೊಟ್ಟ ನನ್ನ ತಂಗಿ. ಅವ್ವ ಹೋದಾಗ, ಮಣ್ಣು ಮಾಡಿ ಮುಗಿದ ಮೇಲೆ ಅವಳು ಬಂದಳು. ಬಾಗಿಲಲ್ಲೇ ನಿಲ್ಲಿಸಿ, "ಈಗ್ಯಾಕ್ ಬಂದೆ, ಊಟಕ್ಕಾ?" ಅಂದೆ. ಬಂಧು ಬಳಗ ಎಲ್ಲ ಕೇಳಿಸಿಕೊಂಡಿತು. ಅವಳು ಚಪ್ಪಲಿ ಬಿಟ್ಟಿರಲಿಲ್ಲ, ಹಾಗೇ ತಿರುಗಿದಳು. ಬಸ್ಸು ಸಿಕ್ಕಿರಲಿಲ್ಲವಂತೆ, ಆಮೇಲೆ ಯಾರೋ ಹೇಳಿದರು... ಆವತ್ತಿನಿಂದ ಅವಳಿಲ್ಲಿಗಿಲ್ಲ, ನಾನಲ್ಲಿಗಿಲ್ಲ. ಒಡಹುಟ್ಟಿದವಳು ಅಂತ ನನಗೆ ಇರುವುದು ಅವಳೊಬ್ಬಳೇ.

ಆ ಪದ್ಧತಿ ಹುಟ್ಟಿದ್ದು ಹೀಗೆ. ಬೆಲ್ಲ ತೂಗುತ್ತ ಅಂಗಡಿಯವರು, "ಹಾಲ್ಕುರಿಕೇಲಿ ನಿಮ್ಮ ತಂಗಿಯೋರು ಮನೆ ಕಟ್ಟಿಸವ್ರಂತೆ. ಹೋಗಲ್ವಾ?" ಅಂದರು.

"ಕರ್ದಿಲ್ಲ. ಕರೆದ್ರೂ ಹೋಗಲ್ಲ."

"ಸುಮ್ಸುಮ್ನೆ ಹೋಗೋಕೂ ಆಗಲ್ಲ ಬುಡಿ. ಒಂದು ನೆಪ ಇರ್ಬೇಕು," ಅಂದವರು ತಕ್ಕಡಿ ಕೆಳಗಿಟ್ಟರು. ಟವಲಿನಲ್ಲಿ ಹಲಗೆ ಒರೆಸಿ ಬರೆದರು. 'ಹೊಸ ಮರದ ಮೊದಲ ಕಾಯಿಯನ್ನು ಮಾತು ಬಿಟ್ಟವರ ಮನೆಗೆ ಕೊಡುವುದು ಈ ಸೀಮೆಯ ಹಳೆಯ ಪದ್ಧತಿ.' ಗೊಡ್ಡಾಗುವ ಮಾತನ್ನೂ ಅದರ ಕೆಳಗೆ ಸೇರಿಸಿದರು.

"ಇದ್ಯಾವಾಗಿಂದ ಹಳೇ ಪದ್ಧತಿ?" ಅಂದೆ. ಮೊದಲ ಕಾಯಿ ದೇವರಿಗೆ, ನಾನು ಕಂಡದ್ದು ಅಷ್ಟೇ.

"ಇವತ್ತಿಂದ ಕಣಕ್ಕಯ್ಯ. ಹಳೇದಾಗೋಕೆ ಅದಕ್ಕೂ ಒಸಿ ಟೈಮ್ ಕೊಡಿ," ಅಂದರು.

ಅದನ್ನು ನನಗಾಗಿಯೇ ಬರೆದರು ಅಂತ ಸೊಸೆ ಹೇಳುತ್ತಾಳೆ. ಇರಲಿಕ್ಕಿಲ್ಲ. ಅವತ್ತು ಅಂಗಡಿಯಲ್ಲಿ ಇನ್ನೂ ಇಬ್ಬರು ನಿಂತಿದ್ದರು, ಅವರಿಗೂ ಅವರವರ ಜಗಳಗಳಿದ್ದವು.

ಹಲಗೆಯ ಮೇಲಿನದು ಹಲಗೆಯಲ್ಲೇ ಅಳಿಸಿಹೋಗಿದ್ದರೆ ಚೆನ್ನಾಗಿತ್ತು. ತಿಪಟೂರಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವರೊಬ್ಬರು ಬಸ್ಸು ಕೆಟ್ಟು ನಮ್ಮೂರಲ್ಲಿ ಇಳಿದರು. ಹಲಗೆ ಓದಿದರು, ಬೆಂಚಿನ ಮೇಲೆ ಕೂತು ಹಳೆಯದನ್ನೆಲ್ಲ ಹೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಮದುವೆ ಕಾಲಕ್ಕೆ ಪುಸ್ತಕ ಬಂತು. 'ತಿಳಿದಿದ್ದರೆ ನಷ್ಟವಿಲ್ಲ' ಅಂತಲೇ ಹೆಸರು. ಹೊದಿಕೆಗೆ ಲಗ್ನಪತ್ರಿಕೆಯ ಮಿಕ್ಕ ಕಾಗದ, ಅರಿಶಿನದ ಬಣ್ಣದ್ದು, ಮೂಗಿನ ಹತ್ತಿರ ಹಿಡಿದರೆ ಸೆಂಟಿನ ವಾಸನೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಇದರಲ್ಲಿರುವುದೆಲ್ಲ ಸುಳ್ಳು. ನಂಬಿ ಕೆಟ್ಟರೆ ಅಂಗಡಿಯವನು ಹೊಣೆಯಲ್ಲ' ಎಂದು ಹಾಕಿಸಿದ್ದರು. ಅದು ನ್ಯಾಯವಾಗಿತ್ತು.

ಕೆಟ್ಟದ್ದು ಎಲ್ಲಿ ಅಂದರೆ, ಅಚ್ಚಿನವರು ಪುಸ್ತಕವನ್ನು ಮದುವೆ ಮನೆಗಳಿಗೆ ಕೊಟ್ಟರು. ಮದುವೆಯವರು ಅದನ್ನು ತಾಂಬೂಲದ ಚೀಲಕ್ಕೆ ಹಾಕಿ, ಎಲೆ ಅಡಿಕೆ ಕಾಯಿಯ ಜೊತೆ ಬಂದವರ ಕೈಗೆ ಇಟ್ಟರು. ನಮ್ಮ ಜನಕ್ಕೆ ತಾಂಬೂಲದ ಜೊತೆ ಬಂದದ್ದು ಅಂದರೆ ತಮಾಷೆಯಲ್ಲ. ಮನೆಗೆ ತಂದು ದೇವರ ಮುಂದೆ ಇಟ್ಟರು. ದೇವರ ಮುಂದೆ ಇಟ್ಟಿದ್ದನ್ನು ಆಮೇಲೆ ತೆಗೆದು ಓದಿದರು. ಮೊದಲ ಪುಟಕ್ಕೆ ಕುಂಕುಮ ಅಂಟಿತ್ತೋ ಏನೋ, ಅದನ್ನು ಯಾರೂ ಓದಲಿಲ್ಲ.

ಕುರಿ ಕುಂಟುವುದನ್ನು ನಂಬದಿದ್ದರೂ ಜನ ಕಾಯಿಯದನ್ನು ನಂಬಿದರು. ಅದಕ್ಕೆ ಕಾರಣವಿದೆ. ನಮ್ಮ ಕಡೆಯವರು ಬೇಕಾದರೆ ದೇವರಿಗೆ ಹರಕೆ ತಪ್ಪುತ್ತಾರೆ, ಮರದ ಹತ್ತಿರ ಮಾತ್ರ ಹುಡುಗಾಟ ಆಡುವುದಿಲ್ಲ. ಸಸಿ ಇಟ್ಟು, ನೀರು ಹೊತ್ತು, ವರ್ಷಗಟ್ಟಲೆ ಕಾದಿರುತ್ತಾರೆ. ಸುಳ್ಳೇ ಇರಬಹುದು, ಆದರೂ ಒಂದು ಕಾಯಿ ತಾನೇ, ಕೊಟ್ಟರೆ ಏನು ಹೋಗುತ್ತದೆ ಅನ್ನುವ ಲೆಕ್ಕ. ಒಬ್ಬ ಕೊಟ್ಟ. ಅವನ ಮರ ಗೊನೆ ತುಂಬ ಬಿಟ್ಟಿತು. ಬಿಡದೆ ಇನ್ನೇನು ಮಾಡುತ್ತದೆ, ಗೊಬ್ಬರ ಹಾಕಿದ್ದ. ಆಮೇಲೆ ಎಲ್ಲರೂ ಕೊಡತೊಡಗಿದರು.

ಊರ ಹಿರಿಯ ಗೌಡರೊಬ್ಬರು ಅರಳಿಕಟ್ಟೆಯ ಮೇಲೆ ಕೂತು, ನಮ್ಮ ತಾತನೂ ಹೀಗೇ ಕೊಡುತ್ತಿದ್ದ, ನಾನೇ ಚಿಕ್ಕವನಿದ್ದಾಗ ಹೊತ್ತುಕೊಂಡು ಹೋಗಿದ್ದೆ ಅಂತ ಶುರುಮಾಡಿದರು. ನಾನು ಸುಮ್ಮನಿರಲಾರದೆ, "ಗೌಡ್ರೇ, ಇದು ಅಂಗ್ಡಿ ಹಲಗೇಲಿ ಹುಟ್ಟಿದ್ದು ಕಣ್ರೀ, ನಾನೇ ಅಲ್ಲಿದ್ದೆ," ಅಂದೆ.

"ನಿಂಗೇನ್ ಗೊತ್ತು ಬುಡಮ್ಮ. ನೀನು ಬೇರೆ ಊರಿಂದ ಬಂದೋಳು," ಅಂದರು. ಮದುವೆಯಾಗಿ ಬಂದು ಮೊಮ್ಮಕ್ಕಳನ್ನು ಕಂಡವಳು ನಾನು.

ಇದರ ಏಟು ಬಿದ್ದದ್ದು ನನಗೇ. ಮಾತು ಬಿಟ್ಟವರ ಮನೆ ಅಂದರೆ ಊರಲ್ಲಿ ಯಾವ ಮನೆ? ಕಾಲುವೆಯವನು ಬಂದ, ಹಾಲಿನವಳು ಬಂದಳು, ಯಾಕೆ ಜಗಳವಾಗಿತ್ತು ಅಂತ ನನಗೇ ಮರೆತುಹೋದವರೂ ಕಾಯಿ ಹಿಡಿದು ಬಂದು ಜಗಲಿಯ ಕೆಳಗೆ ನಿಂತರು. ಮನೆಯ ಮುಂದೆ ನಿಂತವರನ್ನು ಒಳಗೆ ಕರೆಯಬೇಕು. ಕರೆದ ಮೇಲೆ ಕಾಫಿ ಕೊಡಬೇಕು. ಕಾಫಿ ಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡು ಕೂರುವುದಕ್ಕಾಗುತ್ತದೆಯೇ, ಮಾತಾಡಬೇಕು. ವರ್ಷಾನುಗಟ್ಟಲೆ ಕಷ್ಟಪಟ್ಟು ಕಾಪಾಡಿಕೊಂಡು ಬಂದ ಜಗಳಗಳು ಒಂದೊಂದು ಲೋಟ ಕಾಫಿಗೆ ಕರಗಿಹೋದವು. ಕಾಫಿ ಪುಡಿ ತರಬೇಕಾದದ್ದು ಎದುರು ಅಂಗಡಿಯಿಂದಲೇ. ಅವರು ಪೊಟ್ಟಣ ಕಟ್ಟುತ್ತ, "ಇವತ್ತು ಯಾರು ಬಂದಿದ್ರು ಅಕ್ಕಯ್ಯ?" ಅನ್ನುವರು.

ಇದರ ಮೇಲೆ ಅಭಿಮಾನಿಗಳು. ಪುಸ್ತಕ ಓದಿದ ಕಾಲೇಜು ಹುಡುಗ ಹುಡುಗಿಯರು, ಬ್ಯಾಂಕಿನವರು, ಮೇಷ್ಟ್ರುಗಳು ಸೇರಿ 'ನಷ್ಟವಿಲ್ಲದವರ ಸಂಘ' ಅಂತ ಮಾಡಿಕೊಂಡರು. ಭಾನುವಾರ ಬಂತೆಂದರೆ ಚಿಕ್ಕನಾಯಕನಹಳ್ಳಿ ಕಡೆಯಿಂದ, ಹಾಸನದ ಕಡೆಯಿಂದ ಬೈಕುಗಳು. ಅಂಗಡಿಯ ಬೆಂಚು ಸಾಲದೆ ನನ್ನ ಜಗಲಿಗೆ ಬಂದು ಕೂರುವರು. ಪುಸ್ತಕದಲ್ಲಿ ಬರುವ ಎದುರು ಮನೆ ಇದೇ ಅಂತ ಗೊತ್ತಾದ ಮೇಲಂತೂ ತಡೆಯಲಾಗಲಿಲ್ಲ. "ಅಜ್ಜಿ, ಅಟ್ಟದ ಕಾಯಿ ಒಣಗ್ತಾ? ನಮಗೂ ಒಂಚೂರು ಬಯ್ರಜ್ಜಿ," ಅಂತ ಕೈ ಮುಗಿಯುವರು. ಎದ್ದು ಹೋಗ್ರೋ ಅಂತ ನಿಜವಾಗಿ ಬೈದರೆ, ಫೋನಿನಲ್ಲಿ ಹಿಡಿದುಕೊಂಡು ಸಂತೋಷವಾಗಿ ಹೋಗುವರು. ಬೈಗುಳಕ್ಕೂ ಬೆಲೆ ಇಲ್ಲದಂತೆ ಮಾಡಿದರು ನನ್ನ ಬಾಯಿಗೆ.

ಪುಸ್ತಕ ಎರಡನೇ ಸಲ ಅಚ್ಚಾದಾಗ ತಿಪಟೂರಿನ ಒಂದು ಕಲ್ಯಾಣ ಮಂಟಪದಲ್ಲಿ ಸಭೆ ಇಟ್ಟರು. ನನ್ನನ್ನೂ ಕರೆದರು. ನಾನು ಹೋದೆ. ಹೋದದ್ದಕ್ಕೆ ಒಂದು ಕಾರಣವಿತ್ತು. ಹಾಲ್ಕುರಿಕೆಯ ನನ್ನ ತಂಗಿಗೂ ಯಾವುದೋ ಮದುವೆಯಲ್ಲಿ ಈ ಪುಸ್ತಕ ಸಿಕ್ಕಿದೆ, ಅವರ ಹೊಸ ತೋಟದಲ್ಲಿ ಮರ ಹೊಂಬಾಳೆ ಬಿಟ್ಟಿದೆ ಅಂತ ಸುದ್ದಿ ಬಂದಿತ್ತು. ನನ್ನ ತಂಗಿ ನನ್ನ ಬಾಗಿಲಿಗೆ ಬರುವುದಾದರೆ ನನಗಾಗಿ ಬರಬೇಕು. ಮರ ಗೊಡ್ಡಾಗುತ್ತದೆ ಅನ್ನುವ ಹೆದರಿಕೆಗೆ, ಅದೂ ಬೆಲ್ಲ ತೂಗುತ್ತ ಹುಟ್ಟಿಸಿದ ಸುಳ್ಳಿಗೆ, ಬರುವುದು ಬೇಡ. ಅಷ್ಟು ಜನರ ಮುಂದೆ ಹೇಳಿಬಿಟ್ಟರೆ ಮಾತು ಹಾಲ್ಕುರಿಕೆಗೂ ಮುಟ್ಟುತ್ತದೆ ಅಂದುಕೊಂಡೆ.

ಮೈಕು ಕೈಗೆ ಕೊಟ್ಟರು. "ಇದೆಲ್ಲ ಸುಳ್ಳು ಕಣ್ರಪ್ಪಾ. ಮೊದಲ್ನೇ ಕಾಯಿ ದೇವರಿಗೆ. ಈ ಪದ್ಧತಿ ಹುಟ್ಸಿದ್ದು ಇವರೇ, ನನ್ನ ಕಣ್ಣೆದುರಿಗೆ," ಅಂದೆ.

ಮಂಟಪವೇ ಹಾರಿಹೋಗುವ ಹಾಗೆ ನಕ್ಕರು. ಚಪ್ಪಾಳೆ ಹೊಡೆದರು. ಇನ್ನೊಂದು ಸಲ ಹೇಳಿ ಅಜ್ಜಿ ಅಂದರು. ನಾನು ಇನ್ನೂ ಗಟ್ಟಿಯಾಗಿ ಹೇಳಿದೆ, ಇನ್ನೂ ನಕ್ಕರು. ಅಷ್ಟು ಸುಳ್ಳಿನ ನಡುವೆ ಒಂದು ನಿಜ ಹೇಳಿದರೆ ಅದೂ ಸುಳ್ಳಿನ ಜೊತೆ ಸೇರಿಹೋಗುತ್ತದೆ. ತಿರುಗಿ ಅಂಗಡಿಯವರನ್ನು ನೋಡಿದೆ. ನೀವಾದರೂ ಹೇಳಿ ಅನ್ನುವ ಹಾಗೆ. ಹೂವಿನ ಹಾರ ಹಾಕಿಕೊಂಡು ಕೂತಿದ್ದವರು ಎದ್ದು ಮೈಕಿನ ಹತ್ತಿರ ಬಂದು, "ಅಕ್ಕಯ್ಯ ಹೇಳಿದ್ರಲ್ಲ, ಅದೊಂದು ನಿಜ," ಅಂದರು. ಅದೇ ಮುಖ. ಜನ ಬಿದ್ದು ಬಿದ್ದು ನಕ್ಕರು.

ಅವತ್ತು ಒಬ್ಬಳೇ ಬಸ್ಸು ಹತ್ತಿ ಬಂದೆ. ಬಂದವಳು ಎದುರು ಅಂಗಡಿಗೆ ಹೋಗುವುದು ಬಿಟ್ಟೆ, ಅವರ ಜೊತೆ ಮಾತೂ ಬಿಟ್ಟೆ. ಉಪ್ಪು ಬೇಕಾದರೂ ಊರ ಆ ಕೊನೆಗೆ ನಡೆದು ಹೋಗುತ್ತಿದ್ದೆ. ಹಲಗೆಯನ್ನೂ ಓದುತ್ತಿರಲಿಲ್ಲ. ಜಗಲಿಯಿಂದ ಕಾಣುತ್ತಿತ್ತು, ಅದಕ್ಕೆ ನಾನೇನು ಮಾಡಲಿ.

ಕೆಲವು ತಿಂಗಳಾಗಿರಬೇಕು. ಮಧ್ಯಾಹ್ನ ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದೆ. ಬಸ್ಸು ನಿಂತು ಹೊರಟಿತು. ಧೂಳು ಇಳಿದ ಮೇಲೆ ನೋಡಿದರೆ ನನ್ನ ತಂಗಿ. ಕೂದಲು ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ವೈರಿನ ಬುಟ್ಟಿ, ಬುಟ್ಟಿಯಲ್ಲಿ ಒಂದು ಕಾಯಿ.

"ಏನೇ ಅದು?" ಅಂದೆ. ಇಷ್ಟು ವರ್ಷದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಅದು.

"ಕಾಯಿ."

"ಕಾಯಿ ಅಂತ ಕಾಣುತ್ತೆ. ಯಾಕ್ ತಂದೆ?"

"ಹೊಸ ತೋಟದ್ದು. ಮೊದಲ್ನೇದು. ಪದ್ಧತಿಯಲ್ವಾ."

ಹೇಳದೆ ಇರುವುದು ನನ್ನಿಂದ ಆಗಲಿಲ್ಲ. "ಪದ್ಧತಿಯೂ ಇಲ್ಲ ಗಿದ್ಧತಿಯೂ ಇಲ್ಲ. ಅಕೋ, ಅಲ್ಲಿ ಕೂತವ್ನಲ್ಲ ಆವಯ್ಯ, ಬೆಲ್ಲ ತೂಗ್ತಾ ತೂಗ್ತಾ ಕಟ್ಟಿದ ಸುಳ್ಳು ಅದು. ನಿನ್ನ ಮರಕ್ಕೆ ಏನೂ ಆಗಲ್ಲ. ತಗೊಂಡ್ ಹೋಗಿ ದೇವರಿಗೆ ಒಡಿ," ಅಂದೆ.

ತಂಗಿ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. "ನಂಗ್ ಗೊತ್ತಿಲ್ವೇನೇ ಸುಳ್ಳು ಅಂತ? ಮೊದಲ್ನೇ ಪುಟದಾಗೇ ಹಾಕವ್ರೆ. ಇನ್ನೇನ್ ಹೇಳ್ಕೊಂಡ್ ಬರ್ಲಿ ನಿನ್ ಬಾಗ್ಲಿಗೆ? ಊಟಕ್ ಬಂದೆ ಅನ್ಲಾ?"

ಮೆಣಸಿನಕಾಯಿಯ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಕಾಲ್ ನೋಯ್ತವೆ. ಒಳೀಕ್ ಕರೀತೀಯೋ, ಮುಂದಿನ ಬಸ್ಸಿಗೆ ಹೋಗ್ಲೋ?"

"ಚಪ್ಪಲಿ ಬುಟ್ಟು ಬಾ," ಅಂದೆ.

ಸೊಸೆ ಕಾಫಿ ಪುಡಿಗೆ ಎದುರು ಅಂಗಡಿಗೆ ಓಡಿದಳು. ಬೇಡ ಅನ್ನುವುದಕ್ಕೆ ನನಗೆ ಪುರುಸೊತ್ತಿರಲಿಲ್ಲ. ತಂಗಿ ಸಂಜೆಯ ಬಸ್ಸು ಬಿಟ್ಟಳು, ಮಾರನೆಯ ದಿನದ್ದನ್ನೂ ಬಿಟ್ಟಳು. ಅವ್ವನ ಮಾತು ಬಂತು, ಇಬ್ಬರೂ ಅತ್ತೆವು. ಆಮೇಲೆ ಅವ್ವ ಸಾರಿಗೆ ಹುಣಸೆ ಎಷ್ಟು ಹಾಕುತ್ತಿದ್ದಳು ಅನ್ನುವುದಕ್ಕೆ ಜಗಳವಾಡಿದೆವು. ಅಷ್ಟೇ. ಅದನ್ನು ದೊಡ್ಡದು ಮಾಡುವುದು ಬೇಡ.

ಅವಳು ಹೋದ ಮೇಲೆ ಜಗಲಿಯಲ್ಲಿ ಕೂತು ನೋಡಿದರೆ ಹಲಗೆಯ ಮೇಲೆ ಹೊಸದು ಬರೆದಿತ್ತು. 'ತಿಳಿದಿದ್ದರೆ ನಷ್ಟವಿಲ್ಲ. ಎದುರು ಮನೆಯ ಕೊಬ್ಬರಿ ಈ ವರ್ಷ ತಡವಾಗಿ ಒಣಗುತ್ತದೆ.' ಮೈಯೆಲ್ಲ ಉರಿಯಿತು. ನನ್ನ ಮನೆಯೊಳಗಿನದು ರಸ್ತೆಗೆ ಯಾಕೆ ಬೇಕು? ಹೋಗಿ ಬೈಯಬೇಕು ಅಂತ ಎದ್ದವಳು, ಮಾತು ಬಿಟ್ಟದ್ದು ನೆನಪಾಗಿ ಹಾಗೇ ಕೂತೆ.

ಆಮೇಲೆ ಅವರು ಒಂದು ಆಟ ಹೂಡಿದರು. ನನ್ನನ್ನು ಮಾತಾಡಿಸುತ್ತಿರಲಿಲ್ಲ, ನಾನು ಮಾತು ಬಿಟ್ಟಿದ್ದೆನಲ್ಲ. ಸೊಸೆ ಸಾಮಾನಿಗೆ ಹೋದರೆ ನನಗೆ ಕೇಳಿಸುವ ಹಾಗೆ ಗಟ್ಟಿಯಾಗಿ, "ಏನಮ್ಮ, ನಿಮ್ಮತ್ತೆ ಹಿತ್ಲು ಗಿಡ ಹೊಂಬಾಳೆ ಬುಡ್ತಾ?" ಅನ್ನುವರು.

"ಇನ್ನೂ ಇಲ್ಲ ಮಾವ."

"ಬುಡ್ಲಿ ಬುಡು. ನಂಗೇನೂ ಅರ್ಜೆಂಟಿಲ್ಲ."

ದಿನಾ ಇದೇ. ಆ ಗಿಡಕ್ಕೂ ಏನು ಕೇಡು ಬಂದಿತ್ತೋ, ಫಲ ಬಿಡುವ ವಯಸ್ಸಾಗಿದ್ದರೂ ಹೊಂಬಾಳೆ ಬಿಡದು. ನಾನು ಬೂದಿ ಹಾಕಿದೆ, ಹಟ್ಟಿಗೊಬ್ಬರ ಹಾಕಿದೆ, ಪಾತ್ರೆ ತೊಳೆದ ನೀರನ್ನೆಲ್ಲ ಅದರ ಬುಡಕ್ಕೇ ತಿರುಗಿಸಿದೆ. ಗಿಡ ಬೇಗ ಬರಲಿ ಅಂತ, ಬೇರೇನಿಲ್ಲ.

ಅರ್ಜೆಂಟಿಲ್ಲ ಅಂದವರು ಒಂದು ಮಧ್ಯಾಹ್ನ ಊಟ ಮಾಡಿ ಬಂದು ಗಲ್ಲಾದ ಮುಂದೆ ಕುರ್ಚಿಯಲ್ಲಿ ಕೂತರು. ಕಣ್ಣು ಮುಚ್ಚಿದರು. ಗಿರಾಕಿ ಬಂದು ಕೂಗಿದರೆ ಏಳಲಿಲ್ಲ...

ಆಮೇಲಿನದು ಹೇಳಲು ಈಗಲೂ ಸಿಟ್ಟು ಬರುತ್ತದೆ. ಸುದ್ದಿ ಫೋನಿನಲ್ಲಿ ಹೋಯಿತು. ನಷ್ಟವಿಲ್ಲದವರ ಸಂಘದವರು ನಂಬಲಿಲ್ಲ. ಅಂಗಡಿಯವರು ಸತ್ತರು ಅನ್ನುವುದು ಅಂಗಡಿಯವರೇ ಹುಟ್ಟಿಸಿದ ಹೊಸ ಸುಳ್ಳು ಅಂದುಕೊಂಡರು. ನಗುತ್ತ, ಹಾರನ್ ಹೊಡೆಯುತ್ತ ಬೈಕುಗಳು ಬಂದವು. ಒಬ್ಬ ಹುಡುಗಿಯ ಕೈಯಲ್ಲಿ ಸಿಹಿಯ ಡಬ್ಬಿ ಇತ್ತು. ಒಳಗೆ ಅವರ ಹೆಂಡತಿ ಅಳುತ್ತಿದ್ದಾರೆ, ಹೊರಗೆ ಇವರು, "ಸಾರ್, ಎದ್ದೇಳಿ ಸಾರ್, ಚೆನ್ನಾಗಿದೆ," ಅನ್ನುತ್ತಿದ್ದಾರೆ. ಸುಳ್ಳು ಹೇಳುವವರ ಕಷ್ಟ ನೋಡಿ, ಸತ್ತರೂ ಜನ ನಂಬುವುದಿಲ್ಲ.

ನಾನು ಹೋಗಿ ರಸ್ತೆಯ ನಡುವೆ ನಿಂತೆ. "ನಿಲ್ರೋ. ನಿಜ ಕಣ್ರೋ. ಇದೊಂದು ನಿಜ," ಅಂದೆ. ಎಷ್ಟೋ ಭಾನುವಾರ ಬೈಸಿಕೊಂಡವರು, ನನ್ನ ಗಂಟಲು ಅವರಿಗೆ ಗೊತ್ತು. ಅವತ್ತು ಅದರಲ್ಲಿ ಏನು ಕೇಳಿಸಿತೋ, ಹೆಲ್ಮೆಟ್ಟು ತೆಗೆದರು. ಯಾರೂ ಫೋನು ಎತ್ತಲಿಲ್ಲ. ಆ ಹುಡುಗಿ ಡಬ್ಬಿಯನ್ನು ಎಲ್ಲಿಡಬೇಕು ಅಂತ ತಿಳಿಯದೆ ನನ್ನ ಕೈಗೆ ಕೊಟ್ಟಳು.

ಅವರ ತೋಟದಲ್ಲೇ ಮಣ್ಣು ಮಾಡಿದರು. ಹಲಗೆಯನ್ನು ಸಂಘದವರು ಕೇಳಿ ತೆಗೆದುಕೊಂಡು ಹೋದರು. ಕಂಬದ ಮೇಲೆ ಮೊಳೆ ಹಾಗೇ ಇದೆ. ಬೆಳಿಗ್ಗೆ ಜಗಲಿಗೆ ಬಂದರೆ ಕಣ್ಣು ಮೊದಲು ಆ ಮೊಳೆಗೆ ಹೋಗುತ್ತದೆ. ಓದುವುದಕ್ಕೆ ಏನೂ ಇರುವುದಿಲ್ಲ.

ಅವರು ಹೋದ ಮೇಲೆ ಗಿಡ ಹೊಂಬಾಳೆ ಬಿಟ್ಟಿತು.

ಹಾಗಾಗಿ ಮೊನ್ನೆಯಿಂದ ಈ ಕಾಯಿ ಮನೆಯಲ್ಲಿದೆ. ಊರಲ್ಲಿ ನನ್ನ ಜೊತೆ ಮಾತು ಬಿಟ್ಟವರು ಈಗ ಒಬ್ಬರೂ ಇಲ್ಲ, ಎಲ್ಲರನ್ನೂ ಅವರ ಪದ್ಧತಿ ಮುಗಿಸಿಬಿಟ್ಟಿದೆ. ತಂಗಿಗೆ ಫೋನು ಮಾಡಿದರೆ, "ನಂಗ್ ಕೊಡೋಕ್ ಬರಲ್ಲ ಕಣಕ್ಕ, ನಾವ್ ಮಾತಾಡ್ತಿದೀವಲ್ಲ," ಅಂದಳು. ಅಂಗಡಿಯವರ ಹೆಂಡತಿಗೆ ಕೊಟ್ಟರೆ ಆಗದೇ ಅಂತ ಸೊಸೆಯನ್ನು ಕೇಳಿದೆ.

"ಅವರ ಜೊತೆ ನಿಮಗೆ ಜಗಳ ಇಲ್ವಲ್ಲತ್ತೆ. ಮೊದ್ಲು ಹೋಗಿ ಜಗಳ ಆಡಿ ಬನ್ನಿ," ಅಂದಳು.

ಪಾಪ, ಆ ಹೆಂಗಸಿನ ಜೊತೆ ಏನಂತ ಜಗಳ ಆಡುವುದು? ಹೋದೆ ಕೂಡ. ಬಾಗಿಲಲ್ಲಿ ನಿಂತು, ನಿಮ್ಮ ಯಜಮಾನರು ನನಗೆ ಬಹಳ ತೊಂದರೆ ಕೊಟ್ಟರು ಅಂದೆ. "ಹೌದಕ್ಕ, ಗೊತ್ತು," ಅಂತ ಕೈ ಹಿಡಿದುಕೊಂಡರು. ಕೈ ಹಿಡಿದುಕೊಂಡವರ ಜೊತೆ ಜಗಳ ಆಗುವುದಿಲ್ಲ. ಕಾಯಿ ವಾಪಸು ತಂದೆ.

ನಾನು ಈಗಲೂ ಅದನ್ನು ನಂಬುವುದಿಲ್ಲ. ಮರಕ್ಕೆ ಜಗಳ ಗೊತ್ತಿಲ್ಲ. ಬೇಕಾದರೆ ಇವತ್ತೇ ಒಡೆದು ಚಟ್ನಿ ಅರೆಯಬಹುದು. ಆದರೂ ನಿನ್ನೆ ಸಂಜೆ ಏಣಿ ಹಿಡಿ ಅಂತ ಸೊಸೆಗೆ ಹೇಳಿ, ಬೇಡ ಅತ್ತೆ ಅಂದರೂ ಕೇಳದೆ ಹತ್ತಿ, ಕಾಯಿಯನ್ನು ಅಟ್ಟದ ಮೂಲೆಯಲ್ಲಿ, ಉಳಿದ ರಾಶಿಗೆ ಸೇರದ ಹಾಗೆ ಬೇರೆಯಾಗಿ ಇಟ್ಟೆ. ಕೊಬ್ಬರಿ ಆಗಲಿ. ಅಷ್ಟರಲ್ಲಿ ಯಾರ ಜೊತೆಯಾದರೂ ಮಾತು ಬಿಟ್ಟರೆ ನೋಡೋಣ.

ಇವತ್ತು ಬೆಳಿಗ್ಗೆ ಸೊಸೆ ಅಟ್ಟದ ಕಡೆ ನೋಡಿ, ಯಾವಾಗ ಒಣಗುತ್ತೋ ಅಂದಳು. ಮನೆಯಲ್ಲಿ ಜಗಳವಿಲ್ಲ, ಎದುರಿಗೆ ಜಗಳಕ್ಕೆ ಜನವಿಲ್ಲ.

"ತಡ ಆಗುತ್ತೆ ಬುಡು," ಅಂದೆ.